ದಿಗ್ನಾ ತೆರೆಯದ ಏರಿ

ಎಸ್ಮೆರಾಲ್ದಾಸ್ ಕರಾವಳಿಯ ಹೆಂಗಸರಿಗೆ ಸಮುದ್ರದ ಇಳಿತವೇ ಗಡಿಯಾರ. ನೀರು ಇಳಿಯುತ್ತಲೇ ಕೆಸರಿಗಿಳಿದು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಬೇರುಗಳ ಸಂದಿಗೆ ತೋಳು ತೂರಿಸಿ ಕರಿಚಿಪ್ಪು ಹೆಕ್ಕಬೇಕು. ಸಿಕ್ಕಿದ್ದು ತೀರಾ ಎಳೆಯದಾದರೆ ಮತ್ತೆ ಕೆಸರಿಗೆ ಒತ್ತಿ "ಬೆಳ್ದು ಬಾ, ಕಂದ" ಅನ್ನಬೇಕು. ದಿಗ್ನಾಳಿಗೆ ಅದನ್ನು ತಾಯಿ ಕಲಿಸಿದ್ದಳು. ದಿಗ್ನಾ ತನ್ನ ಮಗಳು ರುಫಿನಾಳಿಗೆ ಕಲಿಸಿದ್ದಳು. ಆ ರುಫಿನಾ ಏಳು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಅಳಿವೆಯ ದಡದ ಸ್ಮಶಾನದಲ್ಲಿ, ನೀಲಿ ಶಿಲುಬೆಯ ಕೆಳಗೆ ಅವಳನ್ನು ಮಲಗಿಸಿದರು.

ಸ್ಮಶಾನದ ಪಕ್ಕದ ಕಾಂಡ್ಲಾ ಕಾಡನ್ನು ಸಿಗಡಿ ಹೊಂಡದ ಧಣಿ ಎಂದೋ ಕಡಿಸಿ ಹಾಕಿದ್ದ. ಸಿಗಡಿಗೆ ರೋಗ ಬಂದದ್ದೇ ತಡ, ಪುಣ್ಯಾತ್ಮ ಗಂಟುಮೂಟೆ ಕಟ್ಟಿದ. ಉಳಿದದ್ದು ಹೊಂಡದ ಸುತ್ತಲಿನ ಮಣ್ಣಿನ ಏರಿ. ನೀರು ಅದಕ್ಕೆ ಬಡಿದು ತಿರುಗಿ ಸ್ಮಶಾನದ ದಡವನ್ನೇ ಕೆರೆಯತೊಡಗಿತು.

ಮಗಳ ಮುಂದೆ ಮತ್ತೆ ಮರ ನಿಲ್ಲಿಸುತ್ತೇನೆಂದು ದಿಗ್ನಾ ಹಟ ಹಿಡಿದಳು. ಚಿಪ್ಪು ಹೆಕ್ಕುವವರಿಗೆ ಗೊತ್ತಿರುವುದು ಇಳಿತದ ಕೆಸರು. ತಿಂಗಳಲ್ಲಿ ನೀರು ಅತಿ ಕೆಳಗಿಳಿಯುವ ದಿನ ನೋಡಿ, ಆ ಕೆಸರಿನಲ್ಲೇ ಸಾಲಾಗಿ ಕಾಂಡ್ಲಾ ಕೋಡುಗಳನ್ನು, ಅಂದರೆ ಅದರ ಉದ್ದನೆಯ ಮೊಳಕೆಬೀಜಗಳನ್ನು, ನೆಟ್ಟಳು. ಭರತ ಬಂದರೆ ಅಲ್ಲಿ ಆಳುದ್ದ ನೀರು, ಎಳೆಯ ಸಸಿ ಉಸಿರಾಡುವುದಾದರೂ ಹೇಗೆ? ಮೂರು ವರ್ಷ ನೆಟ್ಟಳು. ಮೂರು ವರ್ಷವೂ ಕೊಳೆತವು.

ರುಫಿನಾಳ ಧರ್ಮತಾಯಿ ನಿಯೆವೆಸ್ ಇದನ್ನೆಲ್ಲ ನೋಡುತ್ತಿದ್ದಳು. ಅಂಥ ನಂಟಿನವರು ಅಲ್ಲಿ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು.

"ನೀನು ನೆಡ್ತಿರೋದು ಮರಾನಾ, ಮೀನಿಗೆ ಊಟಾನಾ, ಕೊಮಾದ್ರೆ?" ಎಂದು ಮೊದಲು ಛೇಡಿಸಿದಳು. ಆಮೇಲೆ ದನಿ ತಗ್ಗಿಸಿದಳು. "ಕಾಡಿದ್ದದ್ದು ಹೊಂಡದ ಜಾಗದಲ್ಲಿ. ಏರಿ ಒಡೆದುಬಿಡು, ಸಾಕು. ನೀರು ಅಲ್ಲಿ ಹರಡ್ಕೊಳ್ಳುತ್ತೆ, ಈ ದಡ ಕೆರೆಯೋದು ಬಿಡುತ್ತೆ, ಕೋಡುಗಳ್ನೂ ಅದೇ ತರುತ್ತೆ."

"ಏರಿ ಒಡೆದು ನೀರನ್ನ ನಾನೇ ಮಗು ಹತ್ರ ಕರೀಲಾ?" ಎಂದಳು ದಿಗ್ನಾ. ಮುಂದೆ ಒಂದು ತಿಂಗಳು ನಿಯೆವೆಸ್ ಜೊತೆ ಮಾತು ಬಿಟ್ಟಳು.

ಮಾರ್ಚ್ ಅಮಾವಾಸ್ಯೆಯ ದೊಡ್ಡ ಭರತಕ್ಕೆ ಸ್ಮಶಾನದ ಅಂಚು ಕುಸಿಯಿತು. ನೀಲಿ ಶಿಲುಬೆಯೂ ಹೋಯಿತು, ಅದರ ಕೆಳಗಿದ್ದದ್ದೂ ಹೋಯಿತು. ಮೂರು ದಿನ ಹುಡುಕಿದರು. ಏನೂ ಸಿಗಲಿಲ್ಲ. ನಾಲ್ಕನೆಯ ದಿನ ದಿಗ್ನಾ ಗುದ್ದಲಿ ಹಿಡಿದು ಬಂದು, ಯಾರ ಮಾತಿಗೂ ಕಾಯದೆ ಏರಿಯನ್ನು ಒಡೆದಳು.

ಎರಡು ವರ್ಷಕ್ಕೆ ಹೊಂಡದ ತುಂಬ ಕಾಂಡ್ಲಾ ಎದ್ದಿತು. ಒಂದನ್ನೂ ಯಾರೂ ನೆಟ್ಟಿರಲಿಲ್ಲ. ಊರವರು ಹಿಗ್ಗಿದರು. ದಿಗ್ನಾ ಮಾತ್ರ ಆ ಹಸಿರು ಕಂಡಾಗಲೆಲ್ಲ ಮುಖ ತಿರುಗಿಸಿ ನಡೆಯುತ್ತಿದ್ದಳು. ಅಯ್ಯೋ, ಒಂದು ದಿನದ ಗುದ್ದಲಿ ಕೆಲಸವಾಗಿತ್ತಲ್ಲ!

ಅಲ್ಲಿ ಮೊದಲ ಸಲ ಕೆಸರಿಗೆ ಕೈ ಹಾಕಿದ ದಿನ ಉಗುರಿನಷ್ಟು ಚಿಪ್ಪೊಂದು ಸಿಕ್ಕಿತು. ದಿಗ್ನಾ ಅದನ್ನು ಮತ್ತೆ ಕೆಸರಿಗೆ ಒತ್ತಿದಳು. ಕೈಯನ್ನು ಅದರ ಮೇಲೇ ಇಟ್ಟು ಕೂತಳು.  ಪಕ್ಕದಲ್ಲಿದ್ದ ನಿಯೆವೆಸ್ ಅವಳ ಬದಲಿಗೆ ತಾನೇ ಹೇಳಿದಳು:

"ಬೆಳ್ದು ಬಾ, ಕಂದ."