ಮನೆತನವಿಲ್ಲದವರ ತಂಡ

ಕೊಡಗಿನಲ್ಲಿ ಹಾಕಿ ಅಂದರೆ ಮನೆತನ. ಬೇಸಿಗೆಯ ಪಂದ್ಯಾವಳಿಗೆ ಒಂದೊಂದು ಕೊಡವ ಮನೆತನ ತನ್ನದೇ ತಂಡ ಕಟ್ಟುತ್ತದೆ; ಅಜ್ಜನೂ ಮೊಮ್ಮಗನೂ ಒಂದೇ ಬಣ್ಣದ ಅಂಗಿ ತೊಟ್ಟು ಆಡುತ್ತಾರೆ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ನಮ್ಮಂಥವರು ಗ್ಯಾಲರಿಯಲ್ಲಿ ಕೂತು ಕಡಲೆಕಾಯಿ ತಿನ್ನಬೇಕು. ಆ ಸಿಟ್ಟಿಗೆ, ಹರೆಯದಲ್ಲಿ ಅಣ್ಣನೂ ನಾನೂ ಇಟಲಿಯ ಒಂದು ಫುಟ್‌ಬಾಲ್ ಕ್ಲಬ್ಬನ್ನು ನಮ್ಮದು ಅಂತ ಮಾಡಿಕೊಂಡೆವು. ಊರಲ್ಲಿ ಬೇರೆ ಯಾರೂ ಅದರ ಹೆಸರು ಕೇಳಿರಲಿಲ್ಲ. ಯಾಕೆ ಅಂತ ಆಮೇಲೆ ತಿಳಿಯಿತು, ಅದು ಗೆಲ್ಲುತ್ತಲೇ ಇರಲಿಲ್ಲ.

ಅವ್ವ ಹೋದ ಮೇಲೆ ತಿಥಿ ಯಾರ ಮನೆಯಲ್ಲಿ ಆಗಬೇಕು ಅಂತ ನಮ್ಮಿಬ್ಬರಿಗೂ ಜಗಳವಾಯಿತು. ಕೊನೆಗೆ ಇಬ್ಬರೂ ಬೇರೆ ಬೇರೆ ಮಾಡಿದೆವು. ಒಬ್ಬಳೇ ತಾಯಿಗೆ ಎರಡು ಮನೆಯಲ್ಲಿ ಎಡೆ. ಅಲ್ಲಿಗೆ ಮಾತು ನಿಂತಿತು, ಫುಟ್‌ಬಾಲ್ ಒಂದನ್ನು ಬಿಟ್ಟು. ಭಾನುವಾರ ಸಂಜೆ ಪಂದ್ಯವಿದ್ದರೆ ಅಣ್ಣ ನಮ್ಮ ಮನೆಗೆ ಬಂದು ಟಿವಿ ಮುಂದೆ ಕೂರುತ್ತಿದ್ದ, ಮುಗಿದ ತಕ್ಷಣ ಎದ್ದು ಹೋಗುತ್ತಿದ್ದ.

ಈ ಸಲದ್ದು ಹಾಳು ಸೀಸನ್. ನಮ್ಮ ಕ್ಲಬ್ಬಿನವರು ಇಟಲಿಯ ಕಪ್ ಪಂದ್ಯಾವಳಿಯಿಂದ ಮಳೆಗಾಲದಲ್ಲೇ, ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿದರು. ಲೀಗಿನಲ್ಲಿ ಕಾಫಿ ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದರು, ಪಿಕ್ಕಿಂಗ್ ಮುಗಿದಾಗಲೂ ಅಲ್ಲೇ ಇದ್ದರು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಕೆಲಸ ನನ್ನದು. ವಾರವೆಲ್ಲ ಆಳುಗಳ ಹಿಂದೆ ಅಲೆದು ಕಾಲು ಸೋತಿರುತ್ತದೆ, ಭಾನುವಾರ ಕೂತು ಇವರ ಸೋಲು ನೋಡಬೇಕು. ಸಾಕಾಗಿಹೋಗಿತ್ತು. ಆದರೂ ತಳದ ತಂಡಗಳನ್ನು ಮುಂದಿನ ವರ್ಷಕ್ಕೆ ದೂಡುವ ಕೆಳಗಿನ ದರ್ಜೆಗೆ ಮಾತ್ರ ಇಳಿಯದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಆ ದರ್ಜೆಯ ಪಂದ್ಯಗಳು ನಮ್ಮ ಟಿವಿಯಲ್ಲಿ ಬರುವುದಿಲ್ಲ. ಪಂದ್ಯ ನಿಂತರೆ ಅಣ್ಣ ಬರುವುದೂ ನಿಲ್ಲುತ್ತದೆ.

ಇಳಿದೇ ಇಳಿದರು. ಕೊನೆಯ ಪಂದ್ಯ ಮುಗಿದಾಗ ಅಣ್ಣ ಎಂದಿನಂತೆ ಎದ್ದು ಚಪ್ಪಲಿ ಮೆಟ್ಟಿಕೊಂಡ. ಬರುವ ವರ್ಷ ಭಾನುವಾರ ಏನೂ ಬರುವುದಿಲ್ಲ ಎಂದು ನಾನು ಟಿವಿಯ ಕಡೆ ನೋಡುತ್ತಲೇ ಹೇಳಿದೆ. ಅವನು ಅಂಗಳಕ್ಕೆ ಇಳಿದವನು ನಿಂತ.

"ಮ್ಯಾಚ್ ಇಲ್ದಿದ್ರೆ ನಾನ್ ಬರ್ಬಾರ್ದೇನ್ಲಾ?"

ನಾನೂ ಇಳಿದು ಹೋಗಿ ಅವನ ಕೈ ಹಿಡಿದುಕೊಂಡೆ. ಮುದುಕನ ಕೈ ಅದು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೂ ನಾನು ಅದನ್ನು ನೋಡಿರಲಿಲ್ಲ.