ಗೊರಬೆಯೊಳಗಿನ ಬೀಗ

ಹೊರಡುವ ಮೊದಲು ನಾನು ಹೆದರಿದ್ದು ಇಷ್ಟಕ್ಕೆ. ಬಸ್ಸು ತಪ್ಪಬಹುದು. ಬಸ್ಸು ಸಿಕ್ಕರೂ ಮೂಡಿಗೆರೆ ದಾಟುವುದರೊಳಗೆ ಕೆಟ್ಟು ನಿಲ್ಲಬಹುದು. ರಸ್ತೆ ಅಗಲ ಮಾಡುವವರು ಕ್ರಾಸಿನ ಕಟ್ಟೆಯ ಮೇಲಿನ ಆ ಕಬ್ಬಿಣದ ಹೆಂಗಸಿನ ಪ್ರತಿಮೆಯನ್ನು ಕಿತ್ತು ಎಲ್ಲಿಗೋ ಸಾಗಿಸಿರಬಹುದು. ಗುಜರಿಯವರು ಕತ್ತರಿಸಿ ತೂಕಕ್ಕೆ ಹಾಕಿರಬಹುದು. ಯಾರಾದರೂ ಉತ್ಸಾಹಿಗಳು ಮೈತುಂಬ ಬೆಳ್ಳಿ ಬಣ್ಣ ಬಳಿದಿರಬಹುದು. ಎಲ್ಲವೂ ಸರಿಯಿದ್ದು, ಹಳೆಯ ಪರಿಚಯದವರೊಬ್ಬರು ಎದುರಾಗಿ, ‘ಕಾಕ ತೀರಿಕೊಂಡಾಗ ನೀವ್ಯಾಕೆ ಬರ್ಲಿಲ್ಲ ರೈಟ್ರೇ?’ ಎಂದು ಕೇಳಬಹುದು. ಕೊಡೆ ಮರೆಯಬಹುದು ಎಂಬುದೂ ಪಟ್ಟಿಯಲ್ಲಿತ್ತು. ಅದಕ್ಕೆ ಎರಡು ಕೊಡೆ ಇಟ್ಟುಕೊಂಡೆ.

ಇಷ್ಟಕ್ಕೂ ಕಾರಣ ಒಂದು ವಾಸನೆ. ಚಿಕ್ಕಮಗಳೂರಿನಲ್ಲಿ ಬಾಳೆಹಣ್ಣಿನ ಮಂಡಿಯ ಮುಂದೆ ನಡೆದು ಹೋಗುತ್ತಿದ್ದೆ. ಕಾಯಿ ಹಣ್ಣು ಮಾಡಲು ಇಟ್ಟ ಕಾರ್ಬೈಡಿನ ವಾಸನೆ, ಕೊಳೆತ ಬೆಳ್ಳುಳ್ಳಿಯ ಹಾಗೆ, ಮೂಗಿಗೆ ಬಡಿಯಿತು. ಉಳಿದವರು ಮೂಗು ಮುಚ್ಚಿಕೊಂಡು ದಾಟಿದರು. ನಾನು ನಿಂತುಬಿಟ್ಟೆ. ಹದಿಮೂರು ವರ್ಷದ ಹಿಂದೆ ವೆಲ್ಡಿಂಗ್ ಕಾಕನ ಶೆಡ್ಡಿನಲ್ಲಿ ದಿನವಿಡೀ ಇದೇ ವಾಸನೆ ಇರುತ್ತಿತ್ತು, ಬೆಸುಗೆಯ ಗ್ಯಾಸು ಮಾಡುವುದೂ ಕಾರ್ಬೈಡಿನಿಂದಲೇ...

ಆಗ ನಾನು ಬಾಳೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕಾಫಿ ಗೋಡೌನಿಗೆ ಬೀಗ ಹಾಕುವುದು, ಹಾಕಿದೆನೋ ಇಲ್ಲವೋ ಎಂದು ಮೂರು ಸಲ ವಾಪಸು ಹೋಗಿ ಎಳೆದು ನೋಡುವುದು ನನ್ನ ಕೆಲಸ. ಮೂರನೆಯದನ್ನು ಯಾರೂ ಹೇಳಿರಲಿಲ್ಲ. ಕೊಟ್ಟಿಗೆಹಾರದಿಂದ ನಮ್ಮ ಕಡೆಗೆ ಬರುವ ದಾರಿಯ ಕ್ರಾಸಿನಲ್ಲಿ ಕಾಕನ ಶೆಡ್ಡು. ಸುತ್ತಲಿನ ತೋಟಗಳ ಜೀಪು, ಪಂಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಏನು ಮುರಿದರೂ ಅಲ್ಲಿಗೇ ಹೋಗಬೇಕು. ಕಾಕ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಮುರಿದದ್ದನ್ನು ತಿರುಗಿಸಿ ನೋಡಿ, ‘ಒಂದು ಟ್ಯಾಕ್ ಹಾಕಿದ್ರೆ ಸರಿ ಹೋಗ್ತದೆ’ ಎನ್ನುತ್ತಿದ್ದರು. ಟ್ಯಾಕ್ ಎಂದರೆ ಎರಡು ತುಂಡು ಬಿಟ್ಟುಹೋಗದಂತೆ ಹಿಡಿಯುವ ಒಂದು ಚುಕ್ಕೆ ಬೆಸುಗೆ. ಅದರಲ್ಲಿ ಸರಿಹೋಗದ್ದು ಲೋಕದಲ್ಲಿ ಇದೆಯೆಂದು ಅವರಿಗೆ ಅನ್ನಿಸಿದಂತಿರಲಿಲ್ಲ.

ಆ ವರ್ಷ ಕಾಫಿಗೆ ಯಾರೂ ಕನಸು ಕಾಣದಂಥ ಬೆಲೆ ಬಂತು. ಎಲ್ಲರೂ ಹೊಸ ಪಲ್ಪರು ತಂದರು. ಹಳೆಯವು ಕಾಕನ ಶೆಡ್ಡಿನ ಹಿಂದೆ ರಾಶಿಬಿದ್ದವು. ಅದರ ಜತೆಗೆ ಜೀಪಿನ ಸ್ಪ್ರಿಂಗಿನ ಬ್ಲೇಡು, ಸವೆದ ಕತ್ತಿ, ತೂತುಬಿದ್ದ ಸ್ಪ್ರೇಯರು. ಮೂರು ಮಳೆಗಾಲ ಅವು ಅಲ್ಲೇ ನೆನೆದವು. ನಾಲ್ಕನೆಯದರಲ್ಲಿ ಕಾಕ ಕೆಲಸವಿಲ್ಲದ ಹೊತ್ತಿನಲ್ಲೆಲ್ಲ ಅವನ್ನು ಬೆಸೆಯತೊಡಗಿದರು.

ಬಗ್ಗಿ ಕಳೆ ಕೀಳುವ ಒಬ್ಬ ಹೆಂಗಸು ಎದ್ದಳು. ಎದ್ದಳು ಎನ್ನುವುದು ತಪ್ಪು, ಅವಳು ಬಗ್ಗಿಯೇ ಇದ್ದಳು. ತಲೆಯಿಂದ ಸೊಂಟದವರೆಗೆ ಗೊರಬೆ. ಮಳೆಯಲ್ಲಿ ಬಗ್ಗಿ ಕೆಲಸ ಮಾಡುವವರು ಹೊತ್ತುಕೊಳ್ಳುತ್ತಿದ್ದ ಎಲೆ-ಬಿದಿರಿನ ಚಿಪ್ಪು ಅದು. ಪ್ಲಾಸ್ಟಿಕ್ ಬಂದು ಅದನ್ನು ಅಟ್ಟಕ್ಕೆ ಹಾಕಿತು. ಕಾಕ ಅದನ್ನು ಪಲ್ಪರಿನ ಡ್ರಮ್ಮಿಗೆ ಸುತ್ತುವ, ಮೈಯೆಲ್ಲ ಗುಳ್ಳೆ ಎದ್ದ ತಾಮ್ರದ ತಗಡಿನಿಂದ ಮಾಡಿದ್ದರು.

‘ಮುಖ ಎಲ್ಲಿ ಕಾಕ?’ ಎಂದೆ.

‘ನಮ್ಮಮ್ಮ ಆಯಸ್ಸಿಡೀ ಗೊರಬೆ ಹೊತ್ಲು. ಮಳೇಲಿ ಬಗ್ಗಿದವ್ರ ಮುಖ ಯಾರು ನೋಡಿದಾರೆ ರೈಟ್ರೇ?’

ಕ್ರಾಸಿನಲ್ಲಿ ಯಾವುದೋ ಬೋರ್ಡಿಗೆಂದು ಕಟ್ಟಿ ಮರೆತ ಕಟ್ಟೆಯೊಂದಿತ್ತು. ಪಂಚಾಯಿತಿಯವರು ಹೂಂ ಎಂದ ಮೇಲೆ ಅವಳನ್ನು ಅದರ ಮೇಲೆ ನಿಲ್ಲಿಸಿದರು. ಆಮೇಲೆ ಶುರುವಾಯಿತು. ಊರಿನ ಬಾಗಿಲಲ್ಲೇ ಬಗ್ಗಿದವಳು ಯಾಕೆ ಎಂದು ಒಬ್ಬರು. ಅವಳ ಹಿಂಭಾಗ ಪ್ಲಾಂಟರುಗಳು ಕ್ಲಬ್ಬಿಗೆ ಹೋಗುವ ದಾರಿಗೆ ಇದೆ, ಬೇಕೆಂದೇ ಮಾಡಿದ್ದು ಎಂದು ಇನ್ನೊಬ್ಬರು. ಕಾಕನ ಮಸೀದಿಯ ಹಿರಿಯರೂ ನಮ್ಮವರಿಗೆ ಗೊಂಬೆ ಬೇಕಿತ್ತಾ ಎಂದರಂತೆ. ಕಾಕ ಅವರನ್ನು ಕರೆದೊಯ್ದು ಮುಖವಿಲ್ಲದ್ದನ್ನು ತೋರಿಸಿ ಬಂದರು. ಆದರೆ ಗಟ್ಟಿಯಾದ ತಕರಾರು ನಮ್ಮ ತೋಟದ ಸಾಹುಕಾರರದ್ದು. ಪ್ರತಿ ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದ ಕಬ್ಬಿಣ ಅದು, ದಾರಿಯಲ್ಲಿ ಕಾಗೆ ಕೂರಲು ನಿಲ್ಲಿಸುವುದೆಂದರೇನು? ಈ ಸಲದ ಆಯುಧಪೂಜೆಯ ದಿನ ಎಲ್ಲರೆದುರು ಅದನ್ನು ಬಿಚ್ಚಿಸುತ್ತೇನೆ ಎಂದರು.

ನನ್ನ ನಿದ್ದೆ ಹಾರಿಹೋಯಿತು. ಕಾಕನ ನಾಲ್ಕು ತಿಂಗಳ ದುಡಿಮೆ ಹಾಳಾಗುತ್ತದಲ್ಲ ಎಂಬ ಸಂಕಟ ಇತ್ತು, ನಿಜ. ಅದಕ್ಕಿಂತ ದೊಡ್ಡ ಸಂಕಟ ಒಂದು ಬೀಗದ್ದು. ಆ ಬೇಸಿಗೆಯಲ್ಲಿ ನಾನು ಗೋಡೌನಿನ ಕೀ ಕಳೆದಿದ್ದೆ. ಸಾಹುಕಾರರ ತಂದೆಯ ಕಾಲದ, ಅಂಗೈಯಗಲದ ಬೀಗ, ಮೇಲೆ ಅವರ ಹೆಸರಿನ ಮೊದಲಕ್ಷರ. ಕಾಕನಿಂದ ಗುಟ್ಟಾಗಿ ಕೊಯ್ಯಿಸಿ ಹೊಸದು ಹಾಕಿ, ಹಳೆಯದು ತುಕ್ಕು ಹಿಡಿದು ಹೋಯಿತೆಂದು ಸುಳ್ಳು ಹೇಳಿದ್ದೆ. ‘ಇದನ್ನೇನ್ ಮಾಡ್ಲಿ?’ ಎಂದು ಕಾಕ ಕೇಳಿದಾಗ, ‘ಯಾರ ಕಣ್ಣಿಗೂ ಕಾಣದ ಹಾಗೆ ಮಾಡಿ ಮಾರಾಯ್ರೆ’ ಎಂದಿದ್ದೆ. ಕಾಕ ಹೇಳಿದಷ್ಟೇ ಮಾಡಿದ್ದರು. ಗೊರಬೆಯೊಳಗೆ, ಮುಖ ಇರಬೇಕಾದ ಕತ್ತಲಲ್ಲಿ, ಬಗ್ಗಿದವರಿಗೆ ಮಾತ್ರ ಕಾಣುವಂತೆ ಅದನ್ನು ಬೆಸೆದಿದ್ದರು. ‘ಅಲ್ಲಿ ಯಾರು ಬಗ್ತಾರೆ ಬಿಡಿ’ ಎಂದಿದ್ದರು.

ಆಯುಧಪೂಜೆಯ ದಿನ ಜೀಪುಗಳಿಗೆ ಹೂ ಕಟ್ಟಿಕೊಂಡು ಎಲ್ಲರೂ ಕ್ರಾಸಿಗೆ ಬಂದರು. ಕಾಕ ಆಗಲೇ ಕಾರ್ಬೈಡಿನ ಡ್ರಮ್ಮು, ಬೆಂಕಿಯಲ್ಲಿ ಕಬ್ಬಿಣ ಕೊಯ್ಯುವ ಟಾರ್ಚು ತಂದಿಟ್ಟುಕೊಂಡು ನಿಂತಿದ್ದರು.

‘ಬಿಚ್ಚಿ ಕಾಕ’ ಎಂದರು ಸಾಹುಕಾರರು.

‘ಆಗ್ಲಿ ಸಾವ್ಕಾರ್ರೆ. ಯಾವ್ದು ಯಾರ್ದು ಅಂತ ತೋರ್ಸಿ. ನಿಮ್ ನಿಮ್ದು ಕೊಯ್ದು ಕೊಡ್ತೀನಿ.’

ಅದು ಉಪಾಯವಾಗಿರಲಿಲ್ಲ. ಕೊಯ್ಯುವುದೆಂದೇ ಟಾರ್ಚು ಹೊತ್ತಿಸಿ, ಕಪ್ಪು ಕನ್ನಡಕವನ್ನು ಕಣ್ಣಿಗಿಳಿಸಿಕೊಂಡರು.

ಜನ ಹುಡುಕತೊಡಗಿದರು. ಮೊಣಕೈಯಲ್ಲಿ ಒಬ್ಬರ ಕತ್ತಿ ಸಿಕ್ಕಿತು. ಅದು ತನ್ನದೆಂದು ಇನ್ನೊಬ್ಬರು. ‘ನಿಂದಾಗಿದ್ರೆ ಇಷ್ಟು ಸವೀತಿತ್ತೇನೋ? ನೀನ್ಯಾವತ್ತು ಕೆಲ್ಸ ಮಾಡಿದ್ದೆ?’ ಎಂದು ಮೂರನೆಯವರು. ಸಾಹುಕಾರರು ಅವಳ ಮಂಡಿಯ ಮುಂದೆ ನಿಂತುಬಿಟ್ಟಿದ್ದರು.

‘ಇದು ಅಪ್ಪಯ್ಯ ಮಂಗಳೂರಿಂದ ತಂದ ಪಲ್ಪರಿನ ಚಕ್ರ’ ಎಂದರು, ಮೆಲ್ಲಗೆ.

‘ಹೌದು. ಎರಡು ಸಲ ನಾನೇ ಹಲ್ಲು ಕಟ್ಟಿಕೊಟ್ಟಿದ್ದೆ. ಕೊಯ್ಲಾ?’

‘ಕೊಯ್ದ್ರೆ ಏನಾಗ್ತದೆ?’

‘ಮಂಡಿ ಹೋಗ್ತದೆ. ಕೂತ್ಬಿಡ್ತಾಳೆ.’

ಸಾಹುಕಾರರು ಚಕ್ರದ ಹಲ್ಲುಗಳ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ನಮ್ಮ ತೋಟದ ಕೆಲಸದ ಹೆಂಗಸೊಬ್ಬಳು, ಬಾಯಿ ಜೋರಿನವಳು, ‘ನೀವೊಂದ್ಸಲ ಬಗ್ಗಿ ನೋಡಿ ಸಾವ್ಕಾರ್ರೆ, ಒಳಗೆ ಯಾರವ್ಳೆ ಅಂತ’ ಎಂದಳು. ನಾನು ಜೀಪಿನ ಹಿಂದೆ ಸರಿದೆ. ಅವರು ಪಂಚೆ ಎತ್ತಿ ಕಟ್ಟಿ, ಬಗ್ಗಿದರು. ಎಷ್ಟು ಹೊತ್ತು ಹಾಗೇ ಇದ್ದರೋ... ಎದ್ದಾಗ ಮುಖ ಕೆಂಪಾಗಿತ್ತು. ಬಗ್ಗಿದ್ದಕ್ಕೋ, ಕಂಡದ್ದಕ್ಕೋ ತಿಳಿಯಲಿಲ್ಲ.

‘ಯಾರ ಹತ್ರಾದ್ರೂ ಕುಂಕುಮ ಇದ್ಯಾ?’ ಎಂದರು.

ಮಂಡಿಯ ಚಕ್ರಕ್ಕೆ ಮೊದಲ ಬೊಟ್ಟು ಅವರದು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ತುಂಡಿಗೆ ಇಟ್ಟರು. ಕಾಕ ಟಾರ್ಚು ಆರಿಸಿ, ದೂರದಲ್ಲಿ ಬೆನ್ನು ತಿರುಗಿಸಿ ಕೂತರು. ತೋಟಕ್ಕೆ ವಾಪಸಾಗುವಾಗ ಜೀಪಿನಲ್ಲಿ ಸಾಹುಕಾರರು ರಸ್ತೆಯ ಮೇಲಿನ ಕಣ್ಣು ತೆಗೆಯದೆ, ‘ರೈಟ್ರೇ, ಆ ಬೀಗದ ಕೀ ಸಿಕ್ಕಿದ್ರೆ ಹೇಳಿ ಮಾರಾಯ್ರೆ’ ಎಂದರು. ಅಷ್ಟೇ.

ಕೆಲವು ವರ್ಷದ ಮೇಲೆ ನಾನು ಚಿಕ್ಕಮಗಳೂರಿಗೆ ಬಂದೆ. ಅಲ್ಲಿದ್ದಾಗ ಕಾಕ ತೀರಿಕೊಂಡರು, ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಯಾವ ಬಸ್ಸಿಗೆ ಹೋದರೆ ಎಷ್ಟು ಹೊತ್ತಿಗೆ ತಲುಪುತ್ತೇನೆ, ಅದು ತಪ್ಪಿದರೆ ಮುಂದಿನದು ಯಾವುದು ಎಂದು ಯೋಚಿಸುತ್ತ ಕೂತೆ. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಈ ಸಲ ಬಸ್ಸು ತಪ್ಪಲಿಲ್ಲ, ಕೆಡಲೂ ಇಲ್ಲ. ಕಾಕನ ಶೆಡ್ಡು ಇದ್ದ ಕಡೆ ಬೇಕರಿ ಬಂದಿದೆ. ಅವಳು ಮಾತ್ರ ಅಲ್ಲೇ ಬಗ್ಗಿದ್ದಾಳೆ. ತಾಮ್ರ ಹಸಿರಿಗೆ ತಿರುಗಿದೆ, ಬಣ್ಣ ಯಾರೂ ಬಳಿದಿಲ್ಲ. ತುಂಡು ತುಂಡಿಗೂ ಕುಂಕುಮ. ಪಾದದ ಹತ್ತಿರ ಹೊಸತೊಂದು ಸೇರಿದೆ, ಕಾಕನ ಟಾರ್ಚಿನ ಹಿತ್ತಾಳೆ ಮೂತಿ. ಯಾರೋ ಬೆಸೆದದ್ದು, ಕೈ ಒರಟು, ಕಾಕ ನೋಡಿದ್ದರೆ ಬೈಯುತ್ತಿದ್ದರು. ಅದಕ್ಕೂ ಒಂದು ಬೊಟ್ಟು ಇತ್ತು. ನೀವ್ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತೇನೋ...

ಬೀಗ ಇದೆಯೋ ನೋಡೋಣವೆಂದು ಎರಡೂ ಕೊಡೆ ಕೆಳಗಿಟ್ಟು ಬಗ್ಗಿದೆ. ಇತ್ತು. ಏಳಲು ಹೋದೆ, ಸೊಂಟ ಹಿಡಿದುಕೊಂಡಿತು. ಅಷ್ಟುದ್ದದ ಪಟ್ಟಿಯಲ್ಲಿ ಇದೊಂದು ಇರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು, ‘ಏನಣ್ಣ, ನೀವೂ ಕಳೆ ತೆಗಿಯಕ್ಕೆ ಬಂದ್ರಾ?’ ಎಂದು ನಕ್ಕು, ಹತ್ತಿರ ಬಂದು ಕೈ ಚಾಚಿದರು. ಒಂದು ಟ್ಯಾಕ್ ಹಾಕಿದ್ರೆ ಸರಿ ಹೋಗ್ತದೆ ರೈಟ್ರೇ ಎನ್ನುವವರು ಈಗಿಲ್ಲ. ಆ ಕೈ ಹಿಡಿದು, ಸ್ವಲ್ಪ ಸ್ವಲ್ಪವೇ, ನೆಟ್ಟಗಾದೆ.