ಕಳ್ಳಾಟ ಹಿಡಿಯುವ ಕಾವಲುಗಾರ

ಆನ್‌ಲೈನ್ ಆಟದ ಖಾತೆಯೇ ರದ್ದಾಗಬಹುದಿತ್ತು. ಆರು ವರ್ಷ ಗುಂಡು ಹಾರಿಸಿ ಏರಿದ ಮೆಟ್ಟಿಲುಗಳೆಲ್ಲ ಒಂದೇ ಏಟಿಗೆ ಸೊನ್ನೆಯಾಗಬಹುದಿತ್ತು. ಆಟದೊಳಗೆ ಕೂತು ಕಳ್ಳಾಟ ಹಿಡಿಯುವ ಆಂಟಿ-ಚೀಟ್ ತಂತ್ರಾಂಶ ನನ್ನನ್ನು ಮೋಸಗಾರನೆಂದು ಸಾರಬಹುದಿತ್ತು. ಹಾಗೇ ಕಂಪ್ಯೂಟರಿನ ಮೂಲೆಮೂಲೆ ಜಾಲಾಡಿ ಮಗಳ ಮಾರ್ಕ್ಸ್ ಕಾರ್ಡನ್ನೂ ಓದಿಬಿಡಬಹುದಿತ್ತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಿಂದ ಮನೆಗೆ ಬರುವ ಬಸ್ಸಿನಲ್ಲಿ ಒಂದು ವಾರ ಇದನ್ನೇ ಯೋಚಿಸಿದೆ.

ಹಳೆಯ ಕಂಪ್ಯೂಟರ್ ಪ್ರತಿ ಅಪ್‌ಡೇಟಿಗೂ ಏದುಸಿರು ಬಿಡುತ್ತಿತ್ತೆಂದು ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೆ. ಇಂಥ ಕಾವಲುಗಾರರಿಗೆ ಲಿನಕ್ಸ್ ಕಂಡರಾಗದು ಎಂದು ಆಮೇಲೆ ಓದಿದೆ. ನಮ್ಮ ಆಟಕ್ಕೆ ಅಡ್ಡಿಯಿಲ್ಲ ಎಂದು ಆಟದವರೇ ಬರೆದಿದ್ದರು. ಬರೆಯದೆ ಏನು, ಸಿಕ್ಕಿಬೀಳುವವನು ನಾನಲ್ಲವೇ?

ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿರುವ ಭಾಮೈದನ ಜೊತೆ ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಕಾಲ ಆಡುತ್ತೇನೆ. ಎದುರು ಸಿಕ್ಕರೆ 'ಊಟ ಆಯ್ತಾ' ಎಂಬಲ್ಲಿಗೇ ಮುಗಿಯುವ ನಮ್ಮ ಮಾತು ಹರಿಯುವುದು ಆಗ ಮಾತ್ರ. ಅದೂ ಹೋದರೆ?

ಅದಕ್ಕೇ ಆ ಭಾನುವಾರ ಮೊದಲು ಪರೀಕ್ಷೆಗೆಂದು ಹೆಂಡತಿಯ ಮೊಬೈಲ್ ನಂಬರಿನಲ್ಲಿ ಬೇರೆ ಖಾತೆ ತೆರೆದೆ. ಖಾಲಿ ಖಾತೆ ಕಂಡರೆ ಕಾವಲುಗಾರನಿಗೆ ಅನುಮಾನ ಬಂದೀತೆಂದು ಅವಳ ಹೆಸರನ್ನೂ, ಘಾಟಿ ದೇವಸ್ಥಾನಕ್ಕೆ ಹೋದಾಗ ತೆಗೆದ ಫೋಟೋವನ್ನೂ ಹಾಕಿದೆ. ಆಟ ತೆರೆಯಿತು. ಅರ್ಧ ಗಂಟೆ ಆಡಿದರೂ ಯಾರೂ ಹಿಡಿಯಲಿಲ್ಲ. ಅದರಿಂದಲೇ ನನಗೆ ಅನುಮಾನ ಹೆಚ್ಚಾಯಿತು. ತಂಡದಲ್ಲಿ ಆಡಿ ನೋಡಿದರೆ ಖಾತ್ರಿಯಾದೀತೆಂದು ಆ ಖಾತೆಯಿಂದಲೇ ಭಾಮೈದನಿಗೆ ಜೊತೆಗೆ ಆಡುವ ಕೋರಿಕೆ ಕಳಿಸಿದೆ.

ಎರಡೇ ನಿಮಿಷ, ಅವನ ಫೋನು.

"ಭಾವ, ಯಾವನೋ ಅಕ್ಕನ ಫೋಟೋ ಹಾಕ್ಕೊಂಡು ಫೇಕ್ ಐಡಿ ಮಾಡವ್ನೆ! ಅಕ್ಕ ಎಲ್ಲಿ, ಗನ್ ಎಲ್ಲಿ! ಆಟದವ್ರಿಗೆ ರಿಪೋರ್ಟ್ ಹಾಕ್ಬಿಟ್ಟೆ. ನಮ್ ಟೀಮ್ ಹುಡುಗ್ರ ಕೈಲೂ ಹಾಕಿಸ್ದೆ."

"ಒಳ್ಳೇದ್ ಮಾಡ್ದೆ ಕಣಪ್ಪಾ," ಎಂದೆ.

"ನೀವ್ ಬನ್ನಿ ಭಾವ, ಕಾಯ್ತಾ ಇದೀನಿ."

ನನ್ನ ಸ್ವಂತ ಖಾತೆಯಲ್ಲಿ ಒಳಹೊಕ್ಕೆ. ಕಾವಲುಗಾರ ತಲೆಯೆತ್ತಿಯೂ ನೋಡಲಿಲ್ಲ. ಎರಡು ಗಂಟೆ ಎಂದಿನಂತೆ ಆಡಿದೆವು. ನಡುನಡುವೆ ಅಕ್ಕನ ಫೋಟೋ ಕದ್ದವನನ್ನು ಅವನು ಬೈದ, ನಾನೂ ದನಿಗೂಡಿಸಿದೆ.

ಸಂಜೆ ಹೆಂಡತಿ ಮೊಬೈಲ್ ಹಿಡಿದು ಬಂದಳು.

"ಏನ್ರೀ ಇದು ಮೆಸೇಜು? ನಾನೇನೋ ಮೋಸ ಮಾಡಿದೀನಂತೆ, ಇನ್ಮೇಲೆ ಜನ್ಮದಲ್ಲಿ ಆಡೋ ಹಂಗಿಲ್ವಂತೆ?"